ಬಿಚ್ಚೋಕೆ ಎರಡು ದಿನ, ಕಟ್ಟೋಕೆ ಎರಡು ತಿಂಗಳು

ದೇವರಾಯನದುರ್ಗದ ಏರಿನಲ್ಲಿ ಹಿಂದಿನಿಂದ ಬಂದ ಬೈಕ್ ಹುಡುಗನೊಬ್ಬ ನಮ್ಮ ಕಾರಿನ ಪಕ್ಕಕ್ಕೆ ಬಂದು, "ಆಂಟೀ, ಗಾಡಿ ಸಿಕ್ಕಾಪಟ್ಟೆ ಹೊಗೆ ಬಿಡ್ತೈತೆ, ತೋರ್ಸಿ ಒಂದ್ಸಲ" ಅಂತ ಕೂಗಿ ಹೋದ. ಸ್ಟೀರಿಂಗ್ ಹಿಡಿದಿದ್ದು ಅಮ್ಮ. ಪಕ್ಕದಲ್ಲಿ ಅಪ್ಪ, ಹಿಂದೆ ನಾನು. ತಿರುಗಿ ನೋಡಿದೆ. ರಸ್ತೆ ಕಾಣದಷ್ಟು ನೀಲಿ ಹೊಗೆ. ಅಮ್ಮ ಏನೂ ಮಾತಾಡಲಿಲ್ಲ. ಕನ್ನಡಿ ನೋಡೋದನ್ನು ಮಾತ್ರ ನಿಲ್ಲಿಸಿದಳು.

ಇದು 2024ರ ಜನವರಿ ಮೊದಲ ವಾರದ ಮಾತು. ನಮ್ಮದು 1999ರ ಮಾರುತಿ 800. ಅಪ್ಪ ಬ್ಯಾಂಕ್ ಸಾಲ ಮಾಡಿ, ಅಮ್ಮನ ಎರಡು ಬಳೆ ಅಡ ಇಟ್ಟು ತಂದ ಗಾಡಿ. 1 ಲಕ್ಷ 38 ಸಾವಿರ ಕಿಲೋಮೀಟರ್ ಓಡಿತ್ತು. ಎರಡು ವರ್ಷದ ಹಿಂದೆ ಅಪ್ಪನಿಗೆ ಲಘುವಾಗಿ ಲಕ್ವ ಹೊಡೆದು ಬಲಗೈ ಹಿಡಿತ ಹೋಯ್ತು. ಆಗ ಐವತ್ತಾರನೇ ವಯಸ್ಸಿನಲ್ಲಿ ಅಮ್ಮ ಇದೇ ಕಾರಿನಲ್ಲಿ ಡ್ರೈವಿಂಗ್ ಕಲಿತಳು. ವಾರಕ್ಕೆ ಎರಡು ದಿನ ಅಪ್ಪನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗೋದು ಅವಳೇ. ಬೇರೆ ಕಾರು ಕೊಡಿಸ್ತೀನಿ ಅಂದರೆ, "ಇದರ ಮೂತಿ ಎಲ್ಲಿ ಮುಗಿಯುತ್ತೆ ಅಂತ ನಂಗೆ ಗೊತ್ತು ಕಣೇ, ಬೇರೇದು ಬೇಡ" ಅನ್ನುತ್ತಾಳೆ.

ಆದರೆ ಮೇ ತಿಂಗಳಿಗೆ ಆರ್‌ಸಿ ಮುಗಿಯುತ್ತಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಗಾಡಿಯನ್ನು ಆರ್‌ಟಿಓಗೆ ಒಯ್ದು ತೋರಿಸಬೇಕು. ಈ ಹೊಗೆ ಇಟ್ಟುಕೊಂಡು ಹೋದರೆ ಕತೆ ಮುಗಿದ ಹಾಗೇ.

ಹೊಗೆಗೂ ಬಣ್ಣ ಇದೆ

ಬಿ.ಎಚ್. ರಸ್ತೆ ಪಕ್ಕದ ನಮ್ಮ ಮೆಕ್ಯಾನಿಕ್ಕನ್ನು ಎಲ್ಲರೂ ಕರೆಯೋದು ಭಾಯ್ ಅಂತಲೇ. ಬಾನೆಟ್ ಎತ್ತೋದಕ್ಕೂ ಮುಂಚೆ ಸೈಲೆನ್ಸರ್ ತುದಿಗೆ ಬೆರಳು ಹಾಕಿ ತೆಗೆದರು. ಜಿಡ್ಡು ಕಪ್ಪು. "ಎಂಜಿನ್ ಕೆಲ್ಸಕ್ಕೆ ಬಂದೈತೆ ಮೇಡಂ" ಅಂದರು.

ಅವರು ಹೇಳಿಕೊಟ್ಟ ಲೆಕ್ಕ ಸುಲಭ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು ಸುಡ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗ್ತಿದೆ. ನೀಲಿ ಅಂದರೆ ಎಂಜಿನ್ ಆಯಿಲ್ ಸುಡ್ತಿದೆ. ಆಯಿಲ್ ಒಳಗೆ ಹೋಗೋಕೆ ಮುಖ್ಯವಾಗಿ ಎರಡು ದಾರಿ: ಮೇಲಿನಿಂದ ವಾಲ್ವ್ ಪಕ್ಕ, ಇಲ್ಲ ಕೆಳಗಿನಿಂದ ಪಿಸ್ಟನ್ ರಿಂಗ್ ಪಕ್ಕ.

ಯಾವ ದಾರಿ ಅಂತ ತಿಳಿಯೋಕೆ ಕಂಪ್ರೆಷನ್ ನೋಡಿದರು. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ಸೆಲ್ಫ್ ಹೊಡೆದರೆ, ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತಿದೆ ಅಂತ ಮುಳ್ಳು ತೋರಿಸುತ್ತೆ. ಒಂದನೇ ಸಿಲಿಂಡರ್ ಒಂಬತ್ತೂವರೆ ಕೆಜಿ, ಮೂರನೇದು ಒಂಬತ್ತು. ನಡುವಿನದು ಬರೀ ಆರು. ಆ ರಂಧ್ರದೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಹೊಡೆದಾಗ ಆರು ಇದ್ದದ್ದು ಒಂಬತ್ತೂವರೆಗೆ ಏರಿತು. ಸುರಿದ ಆಯಿಲ್ ರಿಂಗಿನ ಸಂದಿಯನ್ನು ಸ್ವಲ್ಪ ಹೊತ್ತು ಮುಚ್ಚಿದೆ ಅಂತ ಅರ್ಥ. ವಾಲ್ವ್ ಸೋರುತ್ತಿದ್ದರೆ ಹೀಗೆ ಏರುತ್ತಿರಲಿಲ್ಲ.

ಪೂರ್ತಿ ಕೆಲಸಕ್ಕೆ ಭಾಯ್ ಹೇಳಿದ್ದು 35 ಸಾವಿರ. ಗುಜರಿಯವರು ಗಾಡಿಗೆ ಕೊಡ್ತೀವಿ ಅಂದದ್ದು 20 ಸಾವಿರ. "ಕೊಟ್ಬಿಡು" ಅಂದರು ಅಪ್ಪ.

ನನ್ನ ಬಾಯಿಂದ ಹೇಗೆ ಬಂತೋ, "ನಾನೇ ಮಾಡ್ತೀನಿ" ಅಂದುಬಿಟ್ಟೆ.

ಮಸಿ ಮಾಡ್ಕೋಬೇಡ ಅಂದಿದ್ದ ಅಪ್ಪ

ನನ್ನ ಡಿಗ್ರಿ ಮೆಕ್ಯಾನಿಕಲ್. ನನ್ನ ಕೆಲಸ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ಥರ್ಮೋಡೈನಮಿಕ್ಸ್‌ನಲ್ಲಿ 87 ತೆಗೆದವಳು ಕಾಲೇಜು ಬಿಟ್ಟ ಮೇಲೆ ಒಂದು ಸ್ಪ್ಯಾನರ್ ಹಿಡಿದಿರಲಿಲ್ಲ. ನಿಮ್ಮಲ್ಲೂ ಇಂಥವರು ಬೇಕಾದಷ್ಟು ಜನ ಇದ್ದೀರಿ ಅಂತ ಗೊತ್ತು!

ಅಪ್ಪ ಐಟಿಐಯಲ್ಲಿ ಫಿಟ್ಟರ್ ಟ್ರೇಡಿನ ಇನ್‌ಸ್ಟ್ರಕ್ಟರ್ ಆಗಿದ್ದವರು. ನೂರಾರು ಹುಡುಗರಿಗೆ ಅರ ಹಿಡಿಯೋದು, ಮೈಕ್ರೋಮೀಟರ್ ಓದೋದು ಕಲಿಸಿದ್ದಾರೆ. ನಾನು ಚಿಕ್ಕವಳಿದ್ದಾಗ ಅವರ ಟೂಲ್ ಬಾಕ್ಸ್ ಮುಟ್ಟಿದರೆ, "ಕೈ ಮಸಿ ಮಾಡ್ಕೋಬೇಡ, ಹೋಗಿ ಓದ್ಕೋ" ಅನ್ನೋರು. ನಾನೂ ಹೋಗಿ ಓದಿಕೊಂಡೆ. ಈಗ ಅವರ ಕೈಗೆ ಮೈಕ್ರೋಮೀಟರ್ ಹಿಡಿಯೋಕೆ ಆಗಲ್ಲ, ನನ್ನ ಕೈಗೆ ಹಿಡಿಯೋದು ಗೊತ್ತಿಲ್ಲ.

"ಮಾಡ್ತೀಯಾ?" ಅಂದರು. ಲಕ್ವದ ನಂತರ ಅವರ ಮಾತು ನಿಧಾನ. "ಮಾಡೋದಾದ್ರೆ ಪೂರ್ತಿ ಮಾಡು. ಅರ್ಧಕ್ಕೆ ಬಿಟ್ಟ ಎಂಜಿನ್ ಗುಜರಿಯೋನೂ ತಗೊಳಲ್ಲ."

ಭಾಯ್ ನಕ್ಕರು. ಆದರೆ ಎಂಜಿನ್ ಎತ್ತೋಕೆ ಚೈನ್ ಬ್ಲಾಕ್ ತರ್ತೀನಿ ಅಂದರು.

ಬಿಚ್ಚೋದು ಸುಲಭ

ಗಣರಾಜ್ಯೋತ್ಸವ ಶುಕ್ರವಾರ ಬಂದಿತ್ತು. ಮೂರು ದಿನ ರಜೆ. ಬ್ಯಾಟರಿ ಬಿಚ್ಚಿ, ಆಯಿಲ್ ಮತ್ತು ಕೂಲಂಟ್ ಇಳಿಸಿ, ಕಾರ್ಬ್ಯುರೇಟರಿನ ಒಂದೊಂದು ಪೈಪಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ ನಂಬರ್ ಬರೆದೆ. ಪ್ರತಿ ಬೋಲ್ಟ್ ಬಿಚ್ಚೋ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ. ಮೂರು ದಿನಕ್ಕೆ 412 ಫೋಟೋ ಆದವು. ಬೋಲ್ಟುಗಳಿಗೆ ಅಮ್ಮ ಇಡ್ಲಿ ತಟ್ಟೆ ಕೊಟ್ಟಳು. ಒಂದೊಂದು ಕುಳಿಗೆ ಒಂದೊಂದು ಭಾಗದ ಬೋಲ್ಟು.

ಭಾಯ್ ಮತ್ತು ಅವರ ಇಬ್ಬರು ಹುಡುಗರು ಬಂದು ಎಂಜಿನ್ ಇಳಿಸಿಕೊಟ್ಟು ಹೋದರು. 796 ಸಿಸಿ, ಮೂರು ಸಿಲಿಂಡರ್. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಮಾಲೀಕರ ಕೈ ಸೇರಿದಾಗಿನಿಂದ 2014ರಲ್ಲಿ ತಯಾರಿಕೆ ನಿಲ್ಲೋವರೆಗೆ ದೇಶದ ಎಷ್ಟೋ ಮನೆಗಳ ಮೊದಲ ಕಾರನ್ನು ಎಳೆದಿದ್ದು ಇಂಥದ್ದೇ ಪುಟ್ಟ ಎಂಜಿನ್. ಕಾರಿನೊಳಗೆ ಇದ್ದಾಗ ಗೋಜಲಾಗಿ ಕಾಣುತ್ತಿದ್ದದ್ದು ಶೆಡ್ಡಿನ ನೆಲದ ಮೇಲೆ ಕೂತಾಗ ರುಬ್ಬೋ ಕಲ್ಲಿಗಿಂತ ಸ್ವಲ್ಪ ದೊಡ್ಡದಾಗಿ ಕಾಣಿಸಿತು.

ಶನಿವಾರ ಹೆಡ್ ತೆಗೆದೆ. ಆಯಿಲ್ ಚೇಂಬರ್ ಬಿಚ್ಚಿ, ಕನೆಕ್ಟಿಂಗ್ ರಾಡಿನ ಕೆಳಗಿನ ಕ್ಯಾಪ್‌ಗಳನ್ನು ತೆಗೆದು, ಪಿಸ್ಟನ್‌ಗಳನ್ನು ಮೇಲಕ್ಕೆ ತಳ್ಳಿದೆ. ಎರಡನೇ ಪಿಸ್ಟನ್ನಿನ ಆಯಿಲ್ ರಿಂಗ್ ಮಸಿಯಲ್ಲಿ ಅಂಟಿಕೊಂಡು ಕಲ್ಲಾಗಿತ್ತು. ಮೇಲಿನ ರಿಂಗ್ ಮುರಿದು ಎರಡು ತುಂಡಾಗಿತ್ತು. ಹೊಗೆಯ ಮೂಲ ಅಂಗೈಯಲ್ಲಿತ್ತು.

ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೋರ್ ಅಳೆಯೋದು ಹೇಳಿಕೊಟ್ಟರು. ಒಂದು ಸಿಲಿಂಡರಿಗೆ ಆರು ಅಳತೆ: ಮೇಲೆ, ನಡುವೆ, ಕೆಳಗೆ, ಪ್ರತಿ ಜಾಗದಲ್ಲೂ ಉದ್ದಕ್ಕೊಂದು, ಅಡ್ಡಕ್ಕೊಂದು. ಹೊಸದಿದ್ದಾಗ ಬೋರ್ 68.5 ಮಿಲಿಮೀಟರ್. ನಮ್ಮ ಎರಡನೇದು ಮೇಲ್ಭಾಗದಲ್ಲಿ 68.62. ಅದೂ ದುಂಡಗಿಲ್ಲ, ಮೊಟ್ಟೆಯ ಹಾಗೆ ಸವೆದಿತ್ತು. ಹೊಸ ರಿಂಗ್ ಹಾಕಿದರೂ ಮೊಟ್ಟೆಯಾಕಾರದ ತೂತಿಗೆ ದುಂಡು ರಿಂಗ್ ಕೂರಲ್ಲ. ಮೂರೂ ಸಿಲಿಂಡರ್ ಕಾಲು ಮಿಲಿಮೀಟರ್ ದೊಡ್ಡದಾಗಿ ಕೊರೆಸಿ ಅದೇ ಅಳತೆಯ ಪಿಸ್ಟನ್ ಹಾಕಬೇಕು.

ಎರಡು ದಿನಕ್ಕೆ ಎಲ್ಲ ಬಿಚ್ಚಿಯಾಗಿತ್ತು. ಭಾನುವಾರ ಹುಮ್ಮಸ್ಸಿನಲ್ಲಿ ಎಲ್ಲಾ ಸಾಮಾನನ್ನೂ ಒಂದೇ ಟಬ್ಬಿಗೆ ಹಾಕಿ ಡೀಸೆಲ್‌ನಲ್ಲಿ ತೊಳೆದು, ಬೆಡ್‌ಶೀಟ್ ಮೇಲೆ ಒಣಗೋಕೆ ಇಟ್ಟು ಸಂಜೆ ರೈಲು ಹತ್ತಿದೆ.

ಟಬ್ಬಿನಲ್ಲಿ ಆದ ತಪ್ಪು

ಸೋಮವಾರ ರಾತ್ರಿ ವರ್ಕ್‌ಶಾಪ್ ಮ್ಯಾನ್ಯುಯಲ್ ಓದ್ತಾ ಇದ್ದೆ. ಒಂದು ಸಾಲು ನೋಡಿ ಹೊಟ್ಟೆ ತಣ್ಣಗಾಯ್ತು. ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳನ್ನು ಆಯಾ ರಾಡಿನ ಜೊತೆಯಲ್ಲೇ ಇಡಬೇಕು, ಬಿಚ್ಚುವ ಮುಂಚೆ ಗುರುತು ಹಾಕಿಕೊಳ್ಳಬೇಕು.

ನಾನು ಗುರುತು ಹಾಕಿರಲಿಲ್ಲ. ಮೂರೂ ಕ್ಯಾಪ್ ಟಬ್ಬಿನಲ್ಲಿ ಬೆರೆತಿದ್ದವು. 412 ಫೋಟೋದಲ್ಲಿ ಒಂದರಲ್ಲೂ ಅದು ಕಾಣಲ್ಲ.

ಯಾಕೆ ಅಷ್ಟು ಮುಖ್ಯ ಅಂದರೆ, ರಾಡ್ ಮತ್ತು ಕ್ಯಾಪ್ ಎರಡನ್ನೂ ಬೋಲ್ಟ್ ಹಾಕಿ ಜೋಡಿಸಿಯೇ ಕಾರ್ಖಾನೆಯಲ್ಲಿ ಒಟ್ಟಿಗೆ ತೂತು ಕೊರೆದಿರುತ್ತಾರೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಕೂರುತ್ತೆ, ಬೋಲ್ಟೂ ಬಿಗಿಯುತ್ತೆ. ಆದರೆ ತೂತು ದುಂಡಗಿರಲ್ಲ. ಒಳಗಿನ ಬೇರಿಂಗ್ ಒಂದು ಕಡೆ ಕ್ರ್ಯಾಂಕನ್ನು ಕಚ್ಚುತ್ತೆ, ಆಯಿಲಿನ ಪದರ ಹರಿಯುತ್ತೆ, ಬೇರಿಂಗ್ ಸುಟ್ಟುಹೋಗುತ್ತೆ. ಕೊನೆಗೆ ರಾಡೇ ಮುರಿದು ಬ್ಲಾಕನ್ನು ಒಡೆದು ಹೊರಗೆ ಬಂದರೂ ಬಂತು.

ಅಪ್ಪನಿಗೆ ಹೇಳಲಿಲ್ಲ. ಮುಂದಿನ ವಾರ ಊರಿಗೆ ಹೋದಾಗಲೂ ಹೇಳಲಿಲ್ಲ. ನೋಡೋಕೆ ಮೂರೂ ಒಂದೇ ಥರ ಇದ್ದವು. ಹೇಗೋ ಜೋಡಿಸಿದರೆ ಯಾರಿಗೆ ಗೊತ್ತಾಗುತ್ತೆ ಅಂತಲೂ ಅನ್ನಿಸಿತು, ನಿಜ ಹೇಳ್ತೀನಿ. ಆಫೀಸಿನಲ್ಲಿ ದಿನಾ ಬೇರೆಯವರ ತಪ್ಪು ಹುಡುಕಿ ಬಗ್ ಬರೆಯೋ ಕೆಲಸ ನನ್ನದು. ನನ್ನದೇ ತಪ್ಪನ್ನು ಬರೆಯೋಕೆ ಕೈ ಬರಲಿಲ್ಲ.

ಎರಡನೇ ವಾರ ಶನಿವಾರ ಅಮ್ಮ ಕಾಫಿ ಕೊಡ್ತಾ, "ಇದು ರೆಡಿಯಾದ್ರೆ ಮೊದಲು ದುರ್ಗಕ್ಕೆ ಹೋಗಿ ಪೂಜೆ ಮಾಡ್ಸೋಣ, ನಾನೇ ಓಡಿಸ್ತೀನಿ" ಅಂದಳು. ಆ ಏರು, ಪಕ್ಕದ ಪ್ರಪಾತ, ಅರ್ಧ ದಾರಿಯಲ್ಲಿ ಮುರಿಯೋ ರಾಡ್. ಅಲ್ಲೇ ಅಪ್ಪನ ಮುಂದೆ ಕೂತು ಹೇಳಿಬಿಟ್ಟೆ.

ಅಪ್ಪ ಬೈಯಲಿಲ್ಲ. ಆದರೆ ಆ ಇಡೀ ಮಧ್ಯಾಹ್ನ ಮಾತೂ ಆಡಲಿಲ್ಲ. ಮೂವತ್ತು ವರ್ಷ ಹುಡುಗರಿಗೆ "ಬಿಚ್ಚೋ ಮುಂಚೆ ಗುರುತು" ಅಂತ ಹೇಳಿಕೊಟ್ಟವರು ಅವರು. ಸಂಜೆ ಐದಕ್ಕೆ ಕುರ್ಚಿ ಎಳೆದುಕೊಂಡು ಶೆಡ್ಡಿಗೆ ಬಂದು, "ತಾ ಇಲ್ಲಿ" ಅಂದರು.

ಬೇರಿಂಗ್ ಕೂರೋಕೆ ರಾಡಿನಲ್ಲೂ ಕ್ಯಾಪಿನಲ್ಲೂ ಸಣ್ಣ ಕಚ್ಚು ಇರುತ್ತೆ. ಎರಡೂ ಒಂದೇ ಬದಿಗೆ ಬರಬೇಕು. ಹಾಗಾಗಿ ಕ್ಯಾಪ್ ತಿರುಗುಮುರುಗು ಆಗೋ ಗೊಂದಲ ಇಲ್ಲ. ಉಳಿದದ್ದು ಮೂರು ರಾಡ್, ಮೂರು ಕ್ಯಾಪ್, ಒಟ್ಟು ಒಂಬತ್ತು ಜೋಡಿ. ಒಂದೊಂದನ್ನೇ ಬಿಗಿದು ಅಪ್ಪನ ಮುಂದೆ ಹಿಡಿದೆ. ಅವರು ಎಡಗೈ ಹೆಬ್ಬೆರಳಿನ ಉಗುರನ್ನು ತೂತಿನ ಒಳಗೆ, ಜೋಡಣೆಯ ಗೆರೆಯ ಮೇಲೆ ಎಳೆದರು. "ತಡೀತಿದೆ. ಇದಲ್ಲ." ಮುಂದಿನದು. "ತಡೀತಿದೆ." ಮೂರನೇದು. ಉಗುರು ಗಾಜಿನ ಮೇಲೆ ಹೋದ ಹಾಗೆ ಜಾರಿತು. ನನ್ನ ಉಗುರಲ್ಲೂ ಎಳೆಸಿದರು. ಕಣ್ಣಿಗೆ ಕಾಣದ ಮೆಟ್ಟಿಲು ಉಗುರಿಗೆ ಸಿಗುತ್ತೆ ಅಂತ ಅವತ್ತು ಗೊತ್ತಾಯ್ತು.

ಏಳೂವರೆ ಹೊತ್ತಿಗೆ ಮೂರು ಜೋಡಿ ಸಿಕ್ಕವು. "ಉಗುರನ್ನ ನಂಬಿ ಜೋಡಿಸ್ಬೇಡ. ನಾಳೆ ಗೇಜ್ ಹಾಕ್ಸು" ಅಂದರು. ಆಮೇಲೆ ನಾನು ಸೆಂಟರ್ ಪಂಚ್ ಹಿಡಿದು ಗುರುತು ಹೊಡೆದೆ. ಒಂದನೇದಕ್ಕೆ ಒಂದು ಚುಕ್ಕೆ, ಎರಡನೇದಕ್ಕೆ ಎರಡು, ಮೂರನೇದಕ್ಕೆ ಮೂರು.

ಕೂದಲೆಳೆಗಿಂತ ಕಡಿಮೆ

ಬೋರ್ ಹೊಡೆಯೋ ಅಂಗಡಿ ಅಪ್ಪನ ಹಳೇ ವಿದ್ಯಾರ್ಥಿಯದ್ದು. ಬೋರ್ ಗೇಜ್ ಹಾಕಿ ಮೂರೂ ಜೋಡಿ ದುಂಡಗಿರೋದನ್ನು ನೋಡಿ, "ಸರ್ ಉಗುರು ಇನ್ನೂ ಹಂಗೇ ಐತೆ" ಅಂತ ನಕ್ಕರು. ನಾನೂ ಹೀಗೇ ಮಾಡಿದ್ದೆ, ಸರ್ ಕೈಯಲ್ಲಿ ಏಟು ತಿಂದಿದ್ದೆ ಅಂತಲೂ ಹೇಳಿದರು.

ಪಿಸ್ಟನ್ ಇಲ್ಲದೆ ಬ್ಲಾಕ್ ಮುಟ್ಟಲ್ಲ ಅಂತ ಅವರು ವಾಪಸ್ ಕಳಿಸಿದರು. ಕಾರಣ ಇದೆ. ಪಿಸ್ಟನ್ನಿಗೂ ಬೋರಿಗೂ ನಡುವೆ ಇರಬೇಕಾದ ಸಂದಿ ಒಂದು ಮಿಲಿಮೀಟರಿನ ನೂರರಲ್ಲಿ ಸುಮಾರು ನಾಲ್ಕು ಭಾಗ. ತಲೆಗೂದಲಿಗಿಂತ ತೆಳು. ಹಾಗಾಗಿ ಪಿಸ್ಟನ್ ಅಳೆದು, ಅದಕ್ಕೆ ತಕ್ಕಂತೆ ಕೊರೆಯಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ತಂದೆ. ಕ್ರ್ಯಾಂಕ್ ಅಳತೆಯಲ್ಲೇ ಇತ್ತು, ಬರೀ ಪಾಲಿಶ್ ಸಾಕಾಯ್ತು.

ಕೊರೆದು ಬಂದ ಬೋರಿನ ಒಳಗೋಡೆಯಲ್ಲಿ ಈಚಲು ಚಾಪೆಯ ಹೆಣಿಗೆಯಂಥ ಸಣ್ಣ ಗೀರುಗಳಿದ್ದವು. ಹೋನಿಂಗ್ ಮಾಡಿದ ಗುರುತು. ಆ ಗೀರುಗಳಲ್ಲೇ ಆಯಿಲ್ ನಿಲ್ಲೋದು, ಹೊಸ ರಿಂಗ್ ಪಳಗೋದು. ಆದರೆ ಆ ಗೀರುಗಳಲ್ಲಿ ಕಲ್ಲಿನ ಪುಡಿಯೂ ಇರುತ್ತೆ, ಅದು ಉಳಿದರೆ ಹೊಸ ರಿಂಗನ್ನು ತಿಂದುಹಾಕುತ್ತೆ. ಪೆಟ್ರೋಲಿಗೆ ಅದು ಪೂರ್ತಿ ಹೋಗಲ್ಲ. ಬಿಸಿನೀರು, ಸೋಪಿನ ಪುಡಿ, ಬ್ರಷ್ ಬೇಕು.

ಇದು ಅಮ್ಮನ ಇಲಾಖೆ. ಅಪ್ಪನ ಹಳೇ ಬಿಳಿ ಪಂಚೆ ಹರಿದು, ಒರೆಸಿದ ಬಟ್ಟೆ ಬೂದಿ ಬಣ್ಣ ಬಿಡೋದು ನಿಲ್ಲೋವರೆಗೂ ತೊಳೆಸಿದಳು. ನಾನು ನಾಲ್ಕು ಸಲಕ್ಕೆ ಸಾಕು ಅಂದೆ. ಅವಳು ಏಳು ಸಲ ಮಾಡಿಸಿದಳು. ತೊಳೆದ ಕೂಡಲೇ ಆಯಿಲ್ ಸವರಬೇಕು, ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತೆ.

ಕಟ್ಟೋದು

ಕಟ್ಟೋವಾಗ ಅಪ್ಪನ ಒಂದೇ ನಿಯಮ: ಅಳೆಯದೆ ಹಾಕಬೇಡ, ಹಾಕಿದ ಮೇಲೆ ತಿರುಗಿಸದೆ ಮುಂದೆ ಹೋಗಬೇಡ.

ಪ್ರತಿ ರಿಂಗನ್ನೂ ಮೊದಲು ಬೋರಿಗೆ ಇಳಿಸಿ ಬಾಯಿಯ ಸಂದಿಯನ್ನು ಫೀಲರ್ ಗೇಜಿನಲ್ಲಿ ನೋಡಿದೆ. ಸಂದಿ ಸಾಲದಿದ್ದರೆ ಬಿಸಿಗೆ ಹಿಗ್ಗಿದಾಗ ತುದಿಗಳು ಗುದ್ದಾಡಿ ಬೋರ್ ಗೀಚುತ್ತವೆ. ಪಿಸ್ಟನ್ ಮೇಲೆ ಕೂರಿಸೋವಾಗ ರಿಂಗುಗಳ ಬಾಯಿ ಒಂದೇ ಸಾಲಿಗೆ ಬರಬಾರದು. ಪಿಸ್ಟನ್ ತಲೆಯ ಬಾಣದ ಗುರುತು ಎಂಜಿನ್ನಿನ ಮುಂಭಾಗಕ್ಕೆ, ಅಂದರೆ ಬೆಲ್ಟ್ ಇರೋ ಕಡೆಗೆ ಇರಬೇಕು. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಒಂದೊಂದು ಪಿಸ್ಟನ್ ಒಳಗೆ ಹೋದ ಮೇಲೂ ಕ್ರ್ಯಾಂಕ್ ತಿರುಗಿಸಿ ನೋಡಿದೆ.

ಬೋಲ್ಟ್ ಬಿಗಿಯೋಕೆ ಟಾರ್ಕ್ ರೆಂಚ್. ಭಾಯ್‌ಗೆ ಅದು ಬೇಕಿಲ್ಲ, ಅವರ ಕೈಗೇ ಗೊತ್ತು. "ನಿಂಗೆ ಆ ಕೈ ಬರೋಕೆ ಇಪ್ಪತ್ತು ವರ್ಷ ಬೇಕು. ಅಲ್ಲೀವರ್ಗೂ ರೆಂಚ್ ಹೇಳಿದ್ ಕೇಳು" ಅಂದರು ಅಪ್ಪ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿದೆ. ಟೈಮಿಂಗ್ ಬೆಲ್ಟಿನ ಗುರುತುಗಳನ್ನು ಹೊಂದಿಸಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಒಂದು ಸುತ್ತುತ್ತೆ. ಗುರುತುಗಳು ಮತ್ತೆ ಅದೇ ಜಾಗಕ್ಕೆ ಬಂದವು.

ಯುಗಾದಿಗೆ ಎರಡು ದಿನ ಮುಂಚೆ, ಏಪ್ರಿಲ್ 7ರ ಭಾನುವಾರ, ಎಂಜಿನ್ ಮತ್ತೆ ಕಾರಿನೊಳಗಿತ್ತು. ಮೊದಲು ಕಾಯಿಲ್ ವೈರ್ ಕಳಚಿ, ಸ್ಪಾರ್ಕ್ ಇಲ್ಲದೆ ಬರೀ ಸೆಲ್ಫ್ ಹೊಡೆದೆ. ಆಯಿಲ್ ಎಲ್ಲಾ ಕಡೆ ತಲುಪಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಬೇಕು. ಆರಿತು. ವೈರ್ ಹಾಕಿದೆ. ಒಂದು ಸಲ, ಎರಡು ಸಲ, ಮೂರು ಸಲ, ಏನೂ ಇಲ್ಲ. ಭಾಯ್ ಕಾರ್ಬ್ಯುರೇಟರಿಗೆ ಒಂದಿಷ್ಟು ಪೆಟ್ರೋಲ್ ಬಿಟ್ಟು, "ಹೊಡೀರಿ ಮೇಡಂ" ಅಂದರು. ನಾಲ್ಕನೇ ಸಲಕ್ಕೆ ಕೆಮ್ಮಿ, ಅಲ್ಲಾಡಿ, ಹಿಡಿದುಕೊಂಡಿತು.

ಶೆಡ್ ತುಂಬಾ ಹೊಗೆ! ನನ್ನ ಕಾಲು ನಡುಗಿತು. "ಜೋಡಿಸೋವಾಗ ಸವರಿದ ಆಯಿಲ್ ಅದು, ಸುಡಲಿ" ಅಂದರು ಅಪ್ಪ. ಹತ್ತು ನಿಮಿಷಕ್ಕೆ ಸೈಲೆನ್ಸರ್ ತುದಿಯಲ್ಲಿ ಏನೂ ಕಾಣಲಿಲ್ಲ. ಅಪ್ಪ ಎಡಗೈಯನ್ನು ಬಾನೆಟ್ ಮೇಲೆ ಇಟ್ಟು ತುಂಬಾ ಹೊತ್ತು ನಿಂತಿದ್ದರು.

ನೀವೂ ಮಾಡೋದಾದ್ರೆ

ಲೆಕ್ಕ ಕೇಳೋರಿಗೆ: ಸಾಮಾನು 14,600, ಮಷಿನ್ ಕೆಲಸ 6,800, ಟಾರ್ಕ್ ರೆಂಚ್ ಮತ್ತಿತರ ಟೂಲ್ಸ್ 4,200, ಆಯಿಲ್ ಕೂಲಂಟ್ ಇತ್ಯಾದಿ 2,300. ಒಟ್ಟು 27,900 ರೂಪಾಯಿ, ಹನ್ನೊಂದು ವಾರಾಂತ್ಯ. ಉಳಿದ ಏಳು ಸಾವಿರ ರೈಲಿಗೂ ಬೆನ್ನಿನ ಮುಲಾಮಿಗೂ ಹೋಯ್ತು. ದುಡ್ಡು ಉಳಿಸೋಕೆ ಅಂತ ಇದಕ್ಕೆ ಕೈ ಹಾಕಬೇಡಿ.

ಆದರೂ ಆಸೆ ಇದ್ದರೆ ನಾಲ್ಕು ಮಾತು. ಮೊದಲ ಎಂಜಿನ್ ಚಿಕ್ಕದಿರಲಿ, ಬಿಡಿ ಭಾಗ ಸುಲಭವಾಗಿ ಸಿಗೋದಿರಲಿ. ಆ ಎಂಜಿನ್ನಿನ ಮ್ಯಾನ್ಯುಯಲ್ ಬಿಚ್ಚೋ ಮುಂಚೆ ಓದಿ, ನನ್ನ ಹಾಗೆ ಬಿಚ್ಚಿದ ಮೇಲಲ್ಲ. ಫೋಟೋ ನಂಬಿಕೊಂಡು ಗುರುತು ಹಾಕೋದು ಮರೀಬೇಡಿ. ಎಂಜಿನ್ ಎತ್ತೋದು, ಇಳಿಸೋದು ಒಬ್ಬರೇ ಮಾಡಬೇಡಿ. ಮತ್ತೆ ತಪ್ಪಾದರೆ ಅವತ್ತೇ ಹೇಳಿ. ಮೊದಲ 500 ಕಿಲೋಮೀಟರಿಗೇ ಆಯಿಲ್ ಬದಲಾಯಿಸಿ, ಸಾವಿರ ದಾಟೋವರೆಗೂ ಜೋರು ಓಡಿಸಬೇಡಿ.

ಮೇ ತಿಂಗಳಲ್ಲಿ ಆರ್‌ಟಿಓದಲ್ಲಿ ಗಾಡಿ ತೋರಿಸಿದೆವು. ಇನ್ನೈದು ವರ್ಷಕ್ಕೆ ಆರ್‌ಸಿ ಬಂತು. ಮಾರನೇ ಭಾನುವಾರ ದುರ್ಗ ಹತ್ತಿದ್ದು ಅಮ್ಮನೇ. ಏರು ಶುರುವಾದಾಗ ಸೆಕೆಂಡ್ ಗೇರಿಗೆ ಹಾಕಿ, ಕನ್ನಡಿ ನೋಡಿ, ಮತ್ತೆ ನೋಡಿ, "ಹಿಂದೆ ರಸ್ತೆ ಕಾಣ್ತಿದೆ" ಅಂದಳು.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಅವಳ ಫೋನ್ ಬರುತ್ತೆ. ಡಿಪ್‌ಸ್ಟಿಕ್ ಎಳೆದು, ಪಂಚೆ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ನೋಡೋದು ಅವಳಿಗೆ ಅಪ್ಪ ಕಲಿಸಿದ್ದಾರೆ. ಊಟ ಆಯ್ತಾ ಅಂತ ಕೇಳೋಕೂ ಮುಂಚೆ ಹೇಳ್ತಾಳೆ: "ಆಯಿಲ್ ಇಳಿದಿಲ್ಲ ಕಣೇ."